ಹುಟ್ಟದ ಹಲ್ಲಿನ ಅಳತೆ

ಗೋಕಾಕದಂಥ ಕರದಂಟಿನ ಊರಿನಲ್ಲಿ ಹಲ್ಲಿನ ಡಾಕ್ಟರು ಉಪವಾಸ ಬೀಳುವ ಮಾತೇ ಇಲ್ಲ. ಬಸ್ಸಿಳಿದವರು ಮೊದಲು ಕರದಂಟಿನ ಅಂಗಡಿಗೆ ಹೋಗುತ್ತಾರೆ, ನಾಲ್ಕು ವರ್ಷ ಬಿಟ್ಟು ಡಾಕ್ಟರ್ ಲಖನನ ದವಾಖಾನೆಗೆ ಬರುತ್ತಾರೆ ಎಂದು ಬಾಜೂ ಔಷಧಿ ಅಂಗಡಿಯ ಶಿವಾನಂದ ನಗೆಯಾಡುತ್ತಿದ್ದ. ಲಖನ ಮಕ್ಕಳ ಹಲ್ಲಿನ ಡಾಕ್ಟರು. ಬಾಯಲ್ಲಿರುವ ಹಲ್ಲಿಗಿಂತ ಇನ್ನೂ ಹುಟ್ಟದ ಹಲ್ಲಿನ ಮೇಲೆ ಅವನಿಗೆ ಮೋಹ ಹೆಚ್ಚು. ಎಂಟು ವರ್ಷದ ಕೂಸಿನ ಕೆಳದವಡೆಯಲ್ಲಿ ಮುಂದಿನ ನಾಲ್ಕು ಕಾಯಂ ಹಲ್ಲು ಬಂದಿದ್ದರೆ ಸಾಕು, ಅವುಗಳ ಅಗಲ ಅಳೆದು, ಒಸಡಿನೊಳಗೆ ಅಡಗಿ ಕೂತಿರುವ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲು ಎಷ್ಟು ಅಗಲ ಬರಲಿವೆ, ಅವಕ್ಕೆ ಜಾಗ ಸಾಲುತ್ತದೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದ. ಇದರಲ್ಲಿ ಪವಾಡವೇನೂ ಇಲ್ಲ. ಮುಂದಿನ ಹಲ್ಲು ಅಗಲವಿದ್ದವರಿಗೆ ಹಿಂದಿನವೂ ಸಾಮಾನ್ಯವಾಗಿ ಅಗಲವೇ ಇರುತ್ತವೆ. ಎಂದೋ ಹೊರದೇಶದವರು ತಮ್ಮ ಮಕ್ಕಳ ಬಾಯಿ ಅಳೆದು ಮಾಡಿಟ್ಟ ಕೋಷ್ಟಕವೊಂದಿದೆ, ಅದನ್ನು ನೋಡಿ ಹೇಳುವುದು, ಅಷ್ಟೇ.

ಅವನ ಮೇಜಿನ ಹಿಂದಿನ ಗೂಡಿನಲ್ಲಿ ಮಕ್ಕಳ ಹಲ್ಲಿನ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಕೂತಿದ್ದವು. ಕೈಗೆ ಎಟುಕುವ ಜಾಗದಲ್ಲಿದ್ದದ್ದು ಅವನ ಮಗಳು ಸಂಘಮಿತ್ರಾಳದು, ಮನೆಯವರ ಬಾಯಲ್ಲಿ ಮಿತ್ರಾ. ಉಳಿದ ಅಚ್ಚುಗಳ ಮೇಲೆ ಧೂಳಿತ್ತು, ಇದರ ಮೇಲೆ ಇರಲಿಲ್ಲ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಹುಕ್ಕೇರಿಯಲ್ಲಿದ್ದಳು, ತನ್ನ ತಾಯಿ ಸುಮನಳ ಜೊತೆ, ತಾಯಿಯ ತವರಿನಲ್ಲಿ. ಅಪ್ಪನ ಹತ್ತಿರ ಇದ್ದದ್ದು ಅವಳ ಬಾಯಿಯ ಅಚ್ಚು ಮಾತ್ರ.

ಗಂಡ ಹೆಂಡತಿ ಬೇರೆಯಾಗಲು ಹೊಡೆದಾಟ ಬಡಿದಾಟವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿ ಮಾಡಿಸಲು ನಾಲ್ಕು ಮಂದಿಯಾದರೂ ಬರುತ್ತಿದ್ದರು. ಲಖನ ಪಿಎಚ್.ಡಿ. ಹಿಡಿದಿದ್ದ. ನಮ್ಮ ಕಡೆಯ ಮಕ್ಕಳ ಹಲ್ಲಿಗೆ ಆ ಹೊರದೇಶದ ಕೋಷ್ಟಕ ಹೊಂದುತ್ತದೋ ಇಲ್ಲವೋ ನೋಡಬೇಕೆಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ಸಾಲಿ ಸಾಲಿ ತಿರುಗಿ, ಎಲ್ಲ ಹಲ್ಲೂ ಬಂದು ಮುಗಿದ ದೊಡ್ಡ ಮಕ್ಕಳ ಬಾಯಿಯ ಅಚ್ಚು ತೆಗೆಯುತ್ತಿದ್ದ. ಮನೆಯಲ್ಲಿದ್ದಾಗಲೂ ಅವನ ಕೈಯಲ್ಲಿ ಅಳತೆಯ ಕ್ಯಾಲಿಪರೇ. ಹೆಂಡತಿ ಮಾತಾಡಿದರೆ ಹ್ಞೂಂ ಅನ್ನುತ್ತಿದ್ದ, ಏನು ಮಾತಾಡಿದಳೆಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ. ಒಂದು ದಿನ ಹೈಸ್ಕೂಲ್ ಮಾಸ್ತರಿಣಿಯಾದ ಸುಮನ ಪರೀಕ್ಷೆ ಕೆಲಸದಲ್ಲಿದ್ದಳು, ಮಗಳನ್ನು ಸಾಲಿಯಿಂದ ಕರೆತರುವ ಪಾಳಿ ಲಖನನದಾಗಿತ್ತು. ಅವನು ಮೂಡಲಗಿಯಲ್ಲಿ ಬೇರೆಯವರ ಮಕ್ಕಳ ಬಾಯಿಗೆ ಗುಲಾಬಿ ಬಣ್ಣದ ಪೇಸ್ಟು ತುಂಬುತ್ತ ಕೂತು ತನ್ನ ಮಗಳನ್ನು ಮರೆತುಬಿಟ್ಟ. ಏಳು ವರ್ಷದ ಕೂಸು ಮಳೆಯಲ್ಲಿ ಸಾಲಿಯ ಗೇಟಿಗೆ ಆತುಕೊಂಡು ಕತ್ತಲಾಗುವ ತನಕ ನಿಂತಿತ್ತು. ಸುಮನ ಬೈಯಲಿಲ್ಲ. ಮಗಳ ಬಟ್ಟೆ ಬ್ಯಾಗಿಗೆ ತುಂಬಿಕೊಂಡು ಹುಕ್ಕೇರಿಗೆ ಹೋದಳು, ಆಮೇಲೆ ಅಲ್ಲಿಗೇ ವರ್ಗ ಮಾಡಿಸಿಕೊಂಡಳು.

ಸುಮನಳ ತಾಯಿ ಖಡಕ್ ಹೆಂಗಸು. ಮರೆತು ಹೋಗುವ ಅಪ್ಪನ ಹತ್ತಿರ ಮೊಮ್ಮಗಳನ್ನು ಕಳಿಸುವುದಿಲ್ಲ ಎಂದು ಒಂದೇ ಮಾತು ಹೇಳಿದಳು. ಅಳಿಯ ಎರಡು ಸಲ ಹೋಗಿ ಚಹಾ ಕುಡಿದು ನೆಲ ನೋಡಿ ಬಂದ. ಮೂರನೆಯ ಸಲ ಹೋಗಲು ಮುಖ ಇರಲಿಲ್ಲ.

ಆಮೇಲೆ ಅವನ ಪಾಲಿಗೆ ಬಾಗಿಲು ತೆರೆದದ್ದು ಹಲ್ಲು. ಮಗಳ ಕೆಳಗಿನ ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿ ಒತ್ತಾಗಿ ಬಂದವು. ತೋರಿಸಬೇಕು ಎಂದು ಸುಮನ ತಾನೇ ಕರೆದುಕೊಂಡು ಬಂದಳು. ಲಖನ ಅಚ್ಚು ತೆಗೆದ, ಅಳೆದ, ಕೋಷ್ಟಕ ನೋಡಿದ. ಒಳಗಿರುವ ಹಲ್ಲು ಬಲು ಅಗಲ, ಜಾಗ ಸಾಲುವುದಿಲ್ಲ ಎಂದು ಲೆಕ್ಕ ಬಂತು. ವರ್ಷದೊಳಗೆ ಕೆಳಗಿನ ಎರಡು ಹಾಲುಕೋರೆ ಕೀಳಬೇಕು, ಮುಂದೆ ಕೋರೆಯ ಹಿಂದಿನ ಕಾಯಂ ಹಲ್ಲನ್ನೂ ಕೀಳಬೇಕಾಗಬಹುದು, ಅಲ್ಲಿಯ ತನಕ ತಿಂಗಳಿಗೊಮ್ಮೆ ನೋಡುತ್ತಿರಬೇಕು ಎಂದ. ಹೇಳಿದ್ದೆಲ್ಲ ಪುಸ್ತಕದ್ದೇ, ತಿಂಗಳಿಗೊಮ್ಮೆ ಅನ್ನುವುದೊಂದು ಬಿಟ್ಟು. ಆರು ತಿಂಗಳಿಗೊಮ್ಮೆ ನೋಡಿದರೂ ಸಾಕಾಗುವುದನ್ನು ತಿಂಗಳಿಗೆ ಇಳಿಸಿದ್ದ. ಅಷ್ಟು ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗಿತ್ತು, ಆದರೆ ಮಗಳ ಮುಖ ನೋಡುವ ಆಸೆ ಕಿವಿಗಿಂತ ದೊಡ್ಡದಿತ್ತು.

ಹೀಗೆ ಪ್ರತಿ ತಿಂಗಳ ಮೊದಲ ರವಿವಾರ ಹುಕ್ಕೇರಿ ಬಸ್ಸು ತಾಯಿ ಮಗಳನ್ನು ಗೋಕಾಕಕ್ಕೆ ತಂದು ಇಳಿಸುತ್ತಿತ್ತು. ಹಲ್ಲಿನ ಕೆಲಸ ಎಂದ ಮೇಲೆ ಸುಮನಳ ತಾಯಿಯೂ ಅಡ್ಡ ಬರಲಿಲ್ಲ. ಬಾಯಿ ನೋಡುವುದು ಐದು ನಿಮಿಷದ ಕೆಲಸ. ಲಖನ ಅದನ್ನು ಎಳೆದು ಎಳೆದು ಮಧ್ಯಾಹ್ನದ ತನಕ ತರುತ್ತಿದ್ದ. ಮಗಳಿಗೆ ಗಿರಗಿರ ತಿರುಗುವ ಕುರ್ಚಿ ಕೊಡುತ್ತಿದ್ದ, ಹಲ್ಲಿನ ಡಾಕ್ಟರಾಗಿದ್ದೂ ತಾನೇ ಕರದಂಟು ತರಿಸುತ್ತಿದ್ದ. ಸುಮನ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಬಸ್ಸು ಹೊರಟು ಹೋದ ಮೇಲೆ ಅವನು ದವಾಖಾನೆಗೆ ಮರಳಿ ಆ ಕುರ್ಚಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸುತ್ತಿದ್ದ. ಆಮೇಲೆ ಮುಂದಿನ ತಿಂಗಳ ಆ ರವಿವಾರದ ತನಕ ಮಾತಿಗೆ ಸಿಗುವವರೆಂದರೆ ಅಳುವ ಕೂಸುಗಳು ಮತ್ತು ಶಿವಾನಂದ.

ಬೇಸರವಾದಾಗ ತನ್ನ ಹಳ್ಳಿ ಘೋಡಗೇರಿಗೆ, ತಾಯಿ ಸೀತವ್ವನ ಹತ್ತಿರ ಹೋಗುತ್ತಿದ್ದ. ಸೀತವ್ವ ಹಂಚಿನ ಮನೆಯ ಕಟ್ಟೆಯ ಮೇಲೆ ಕೂತು ಮಗನಿಗೆ ಹಾಕುವ ಮೊದಲ ಪ್ರಶ್ನೆ, ಮೊಮ್ಮಗಳ ಹಲ್ಲು ಬಿದ್ದವೇ ಎಂದು. ಆ ಮನೆಯ ಪದ್ಧತಿಯಲ್ಲಿ, ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಉಂಡಿ ಮಾಡಿ, ಕೂಸಿನ ಕೈಯಿಂದಲೇ ಅಪ್ಪನ ಮನೆಯ ಹಂಚಿನ ಮೇಲೆ ಒಗೆಸಬೇಕು, ಇಲ್ಲದಿದ್ದರೆ ಹೊಸ ಹಲ್ಲು ಸೊಟ್ಟ ಬರುತ್ತವೆ. ಮಿತ್ರಾಳ ಮೊದಲ ಹಲ್ಲುಗಳು ಹಾಗೆಯೇ ಹಂಚು ಸೇರಿದ್ದವು. ಹುಕ್ಕೇರಿಗೆ ಹೋದ ಮೇಲೆ ಬಿದ್ದವನ್ನು ಒಗೆಯಲು ಅಲ್ಲಿ ಹಂಚೇ ಇರಲಿಲ್ಲ, ಸ್ಲ್ಯಾಬಿನ ಮನೆ. ಸ್ಲ್ಯಾಬಿನ ಮೇಲೆ ಒಗೆದ ಹಲ್ಲು ಮಾರನೆಯ ದಿನ ಕಸಬರಿಗೆಗೆ ಸಿಕ್ಕಿತು. ಮೊಮ್ಮಗಳ ಹಲ್ಲು ಒತ್ತಾದದ್ದು ಅದಕ್ಕೇ ಎಂದು ಸೀತವ್ವ ನಂಬಿದ್ದಳು, ಮೊಮ್ಮಗಳೂ ನಂಬಿದ್ದಳು. ಲಖನ ಮಾತ್ರ, ಬೌದ್ಧರಾದ ಮೇಲೂ ಈ ಮೂಢನಂಬಿಕೆ ಯಾಕೆ ಎಂದು ತಾಯಿಗೆ ಪಾಠ ಹೇಳಲು ಹೋಗುತ್ತಿದ್ದ.

"ಇಪ್ಪತ್ತೆರಡ ಪ್ರತಿಜ್ಞಾದಾಗ ಹಲ್ಲಿನ ಮಾತ ಎಲ್ಲಿ ಬಂದೈತಿ, ತೋರ್ಸು," ಎನ್ನುತ್ತಿದ್ದಳು ಸೀತವ್ವ. ಬೌದ್ಧ ದೀಕ್ಷೆಯ ದಿನ, ಹಳೆಯ ದೇವರು ಪದ್ಧತಿ ಬಿಡುತ್ತೇವೆಂದು ಹೇಳಿಸಿದ ಆ ಪ್ರತಿಜ್ಞೆಗಳೆಲ್ಲ ಅವಳಿಗೆ ಬಾಯಿಪಾಠವಿದ್ದವು. ಮಗ ಸೋತು ಚಹಾ ಕುಡಿಯುತ್ತಿದ್ದ.

ಇತ್ತ ಅವನ ಅಳತೆಯ ಕೆಲಸ ಕೊನೆಗೆ ಬಂತು. ಮೂಡಲಗಿಯ ಸಾಲಿಯಲ್ಲಿ ಕೊನೆಯ ಅಚ್ಚುಗಳನ್ನು ತೆಗೆಯುವಾಗ, ಮಗನನ್ನು ಕರೆತಂದಿದ್ದ ಕುರುಬರ ಕಲ್ಲಪ್ಪ ಎಲ್ಲವನ್ನೂ ನೋಡುತ್ತ ನಿಂತಿದ್ದ. ತಾವು ಕುರಿಯ ಬಾಯಿ ತೆಗೆದು ಇರುವ ಹಲ್ಲು ನೋಡಿ ವಯಸ್ಸು ಹೇಳುತ್ತೇವೆ, ಡಾಕ್ಟರ್ ಸಾಹೇಬರು ಇಲ್ಲದ ಹಲ್ಲು ನೋಡಿ ಪಗಾರ ತೆಗೆದುಕೊಳ್ಳುತ್ತಾರೆ ಎಂದು ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು, ಲಖನನೂ ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದರಿಂದ ಅವನಿಗೇ ಅದು ಹೊಸದೆನಿಸಿತು.

ಗೋಕಾಕಕ್ಕೆ ಬಂದು ಲೆಕ್ಕಕ್ಕೆ ಕೂತ. ದಿನಗಟ್ಟಲೆ ಕೂತ. ಉತ್ತರ ಬಂದಾಗ ನಂಬಿಕೆಯಾಗದೆ ಮತ್ತೆ ಅಳೆದ. ಹೊರದೇಶದ ಕೋಷ್ಟಕ ಈ ಮಕ್ಕಳ ಹಲ್ಲನ್ನು ಇರುವುದಕ್ಕಿಂತ ಅಗಲವೆಂದು ಹೇಳುತ್ತಿತ್ತು. ಹೆಚ್ಚೇನೂ ಅಲ್ಲ, ಒಂದೊಂದು ಬದಿಗೆ ಒಂದು ಜೋಳದ ಕಾಳಿನ ಅರ್ಧದಷ್ಟು. ಆದರೆ ಬಾಯಿಯೊಳಗೆ ಅಷ್ಟು ಜಾಗವೆಂದರೆ ಒಂದು ಹಲ್ಲು ಉಳಿಯುವ ಅಥವಾ ಹೋಗುವ ಮಾತು. ಪಿಎಚ್.ಡಿ.ಗೆ ಬೇಕಾದ ಉತ್ತರ ಸಿಕ್ಕಿತ್ತು. ಅವನು ಎದ್ದು ಕುಣಿಯಬೇಕಾಗಿತ್ತು. ಬದಲಿಗೆ ಅವನ ಕೈ ತಾನಾಗಿಯೇ ಗೂಡಿಗೆ ಹೋಗಿ ಮಿತ್ರಾಳ ಅಚ್ಚನ್ನು ತೆಗೆದುಕೊಂಡಿತು.

ಹೊಸ ಲೆಕ್ಕದಲ್ಲಿ ಮಗಳ ಬಾಯಲ್ಲಿ ಜಾಗ ಇತ್ತು. ಹಿಂದಿನ ಹಾಲಿನ ದವಡೆಹಲ್ಲುಗಳು ಬಿದ್ದಾಗ ಅವುಗಳ ಜಾಗದಲ್ಲಿ ಸಣ್ಣ ಹಲ್ಲು ಬರುತ್ತವೆ, ಉಳಿದ ಸಂದಿಯಲ್ಲಿ ಮುಂದಿನ ಒತ್ತೂ ಸಡಿಲಾಗುತ್ತದೆ. ಏನನ್ನೂ ಕೀಳಬೇಕಾಗಿರಲಿಲ್ಲ. ಸುಮ್ಮನೆ ಕಾಯ್ದರೆ ಸಾಕಿತ್ತು. ಹಾಗೆಂದರೆ ಮಗಳು ಬರಬೇಕಾಗಿಯೂ ಇರಲಿಲ್ಲ.

ಅಚ್ಚನ್ನು ಮೇಜಿನ ಮೇಲಿಟ್ಟು ಅವನು ಕ್ಯಾಲೆಂಡರ್ ನೋಡಿದ. ಹಾಲುಕೋರೆ ಕೀಳುವ ದಿನ ಬರುವ ರವಿವಾರವೇ ಇತ್ತು. ಕಿತ್ತರೆ ಚಿಕಿತ್ಸೆ ನಾಲ್ಕೈದು ವರ್ಷ ನಡೆಯುತ್ತದೆ, ಮಗಳು ದೊಡ್ಡವಳಾಗುವುದನ್ನು ತಿಂಗಳು ತಿಂಗಳು ನೋಡಬಹುದು. ಕೀಳದಿದ್ದರೆ ಇದೇ ಕೊನೆಯ ರವಿವಾರ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಜಗತ್ತಿನ ಡಾಕ್ಟರುಗಳೆಲ್ಲ ಆ ಕೋಷ್ಟಕ ನೋಡಿಯೇ ಹಲ್ಲು ಕೀಳುತ್ತಿರುವಾಗ ತಾನೊಬ್ಬ ಕಿತ್ತರೆ ಏನಾಯಿತು ಎಂದು ಒಂದು ಮನಸ್ಸು. ಕೀಳದೇ, ನೋಡಬೇಕು ನೋಡಬೇಕು ಎಂದು ಎಳೆಯುತ್ತ ಹೋಗೋಣ ಎಂದು ಇನ್ನೊಂದು ಮನಸ್ಸು. ತನ್ನ ಸ್ವಂತ ಕೂಸಿನ ಬಾಯಿಯನ್ನು ತನ್ನ ಒಂಟಿತನಕ್ಕೆ ಬಳಸುವ ಯೋಚನೆ ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಕೆಯಾಯಿತು. ಹೇಸಿಕೆಯಾದರೂ ಯೋಚನೆ ಎದ್ದು ಹೋಗಲಿಲ್ಲ.

ರವಿವಾರ ಬಂತು. ಬಸ್ಸಿಳಿದು ಮಿತ್ರಾ ಓಡುತ್ತ ಬಂದಳು, ಕುರ್ಚಿ ಹತ್ತಿ ಕೂತಳು. ಹಲ್ಲು ಕೀಳುವ ದಿನ ಎಂದು ಗೊತ್ತಿದ್ದರಿಂದ ಮುಖ ಸಣ್ಣಗಾಗಿತ್ತು. ಸುಮನ ಎಂದಿನಂತೆ ಬೆಂಚಿನ ಮೇಲೆ ಕೂರಲಿಲ್ಲ, ಉತ್ತರಪತ್ರಿಕೆಯನ್ನೂ ತಂದಿರಲಿಲ್ಲ. ಕುರ್ಚಿಯ ಹತ್ತಿರವೇ ನಿಂತಳು. ಲಖನ ಕೈಗವಸು ಹಾಕಿಕೊಂಡ, ದೀಪ ಹಚ್ಚಿದ, ಮಗಳ ಬಾಯಿ ತೆರೆಸಿದ. ಹಾಲುಕೋರೆ ಗಟ್ಟಿಯಾಗಿ, ಬೆಳ್ಳಗೆ, ತನ್ನ ಪಾಡಿಗೆ ತಾನಿತ್ತು. ಅದನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ದೀಪ ಆರಿಸಿ ಕೈಗವಸು ತೆಗೆದ.

"ಕೀಳೂದ ಬ್ಯಾಡ ಸುಮನ," ಎಂದ. "ನಾ ಹೇಳಿದ್ದ ಅಳತಿ ತಪ್ಪ ಆಗೇತಿ. ಜಾಗ ಐತಿ. ಹಲ್ಲ ತಾವ ಬಿದ್ದು ತಾವ ಬರ್ತಾವು."

ಇನ್ನು ತಿಂಗಳಿಗೊಮ್ಮೆ ಬರುವ ಅವಶ್ಯಕತೆಯಿಲ್ಲ, ಮೊದಲೂ ಇರಲಿಲ್ಲ, ಅದು ತಾನು ಸೇರಿಸಿ ಹೇಳಿದ್ದು, ವರ್ಷಕ್ಕೊಮ್ಮೆ ಹುಕ್ಕೇರಿಯಲ್ಲೇ ಯಾರಿಗಾದರೂ ತೋರಿಸಿದರೆ ಸಾಕು ಎಂದು ಉಳಿದದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ನಡುವೆ ನಿಂತರೆ ಹೇಳಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಮಿತ್ರಾ ಹಲ್ಲು ಉಳಿದ ಖುಷಿಯಲ್ಲಿ ಕರದಂಟಿನ ಪೊಟ್ಟಣ ಹುಡುಕಲು ಒಳಕೋಣೆಗೆ ಹೋದಳು.

ಸುಮನ ಕಿಟಕಿಯ ಕಡೆ ನೋಡುತ್ತ ನಿಂತಿದ್ದಳು. "ನನಗ ಗೊತ್ತಿತ್ತರಿ," ಎಂದಳು. "ಎಷ್ಟೋ ತಿಂಗಳ ಹಿಂದನ ಬೆಳಗಾವ್ಯಾಗ ಒಬ್ಬ ಡಾಕ್ಟರಿಗೆ ತೋರ್ಸಿದ್ನಿ. ಕೀಳಬ್ಯಾಡ್ರಿ, ಕಾಯ್ರಿ ಅಂದಿದ್ರು."

"ಮತ್ತ ಯಾಕ ಬರ್ತಿದ್ದಿ?"

"ಅಕಿಗೆ ನಿಮ್ಮನ್ನ ನೋಡೂದಿತ್ತು." ಈ ಕಡೆ ತಿರುಗಿದಳು. "ಇವತ್ತ ನೀವ ಹಲ್ಲ ಕೀಳಾಕ ಕೈ ಹಾಕಿದ್ರ ನಾ ಕೈ ಹಿಡದ ಬಿಡ್ತಿದ್ನಿ. ಆ ಮ್ಯಾಲ ಎಂದೂ ಬರ್ತಿರ್ಲಿಲ್ಲ. ಹಾಕ್ಲಿಲ್ಲ ನೀವು, ಚಲೋ ಆತು. ಆದ್ರ ಇನ್ನ ನಮ್ಮವ್ವಗ ಏನಂತ ಹೇಳಿ ಬರ್ಲಿ?"

ಲಖನ ಕೈಗವಸನ್ನು ಕಸದ ಡಬ್ಬಿಗೆ ಹಾಕಿದ. ಸುಮ್ಮನೆ ಬಾ ಎನ್ನಬಹುದಿತ್ತು. ಹಲ್ಲಿಗಲ್ಲ, ನನಗಾಗಿ ಬಾ ಎನ್ನಬಹುದಿತ್ತು. ಅವಳೂ, ಕಾರಣ ಬೇಕಾಗಿಲ್ಲ, ಬರುತ್ತೇನೆ ಎನ್ನಬಹುದಿತ್ತು. ಇಬ್ಬರೂ ಓದಿದವರು, ಒಬ್ಬಳು ಊರ ಮಕ್ಕಳಿಗೆಲ್ಲ ಮಾತು ಕಲಿಸುವ ಮಾಸ್ತರಿಣಿ ಬೇರೆ. ಇಷ್ಟು ಸಣ್ಣ ಮಾತು ಇಬ್ಬರ ಬಾಯಿಂದಲೂ ಹೊರಡಲಿಲ್ಲ. ಒಂದು ನೆವವನ್ನು ಎರಡು ಕಡೆಯಿಂದ ಇಬ್ಬರೂ ಹಿಡಿದು ನಿಂತಿದ್ದರು. ಅವನು ನಿಜ ಹೇಳಿ ಕೈ ಬಿಟ್ಟ, ಅದು ನೆಲಕ್ಕೆ ಬಿತ್ತು. ತಾಯಿ ಮಗಳು ಮಧ್ಯಾಹ್ನಕ್ಕಿಂತ ಮೊದಲೇ ಬಸ್ಸು ಹತ್ತಿದರು. ಮತ್ತೆ ಯಾವಾಗ ಬರುವುದು ಎಂದು ಮಿತ್ರಾ ಕಿಟಕಿಯಿಂದ ಕೇಳಿದಳು. ಅವನು ಕೈ ಬೀಸಿದ, ಅಷ್ಟೇ.

ಮುಂದಿನ ತಿಂಗಳ ಮೊದಲ ರವಿವಾರ ಲಖನ ದವಾಖಾನೆಯ ಬಾಗಿಲು ತೆರೆದು ಕೂತ. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೂ ಹುಕ್ಕೇರಿ ಬಸ್ಸಿನ ಹೊತ್ತಿಗೆ ಬೀದಿಗೆ ಬಂದು ನಿಂತ. ಅದರ ಮುಂದಿನ ತಿಂಗಳೂ ಹಾಗೆಯೇ. ಶಿವಾನಂದ ಮೊದಮೊದಲು ಏನೋ ಕೇಳುತ್ತಿದ್ದ, ಆಮೇಲೆ ಅವನನ್ನು ಕಂಡರೆ ಔಷಧಿ ಡಬ್ಬಿ ಜೋಡಿಸುವ ನೆವ ಮಾಡುತ್ತಿದ್ದ. ಪಿಎಚ್.ಡಿ. ಬಂತು. ಹೂವಿನ ಹಾರ, ಪೇಢೆ ಎಲ್ಲ ಆಯಿತು. ಪೇಢೆಯ ಡಬ್ಬಿ ಹಿಡಿದುಕೊಂಡು ಮನೆಗೆ ಬಂದವನು ಕೀಲಿ ತೆಗೆದು, ಕೊಡಲು ಯಾರೂ ಇಲ್ಲದೆ ಅದನ್ನು ಫ್ರಿಜ್ಜಿನಲ್ಲಿಟ್ಟ. ಅಲ್ಲೇ ನಿಂತು ಅತ್ತ.

ತಾನು ಮಾಡಿದ್ದು ಸರಿ ಎಂದು ಅವನಿಗೆ ಗೊತ್ತಿತ್ತು. ಸರಿ ಮಾಡಿದವನಿಗೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ ಎಂದು ಹೇಳುತ್ತಾರಲ್ಲ, ಅದನ್ನು ಹೇಳುವವರ ಮನೆಯಲ್ಲಿ ಬಹುಶಃ ಮಂದಿ ಇರುತ್ತಾರೆ.

ಚಳಿಗಾಲದ ಒಂದು ಬೆಳಿಗ್ಗೆ ಫೋನು ಬಂತು. ಸುಮನಳದು. ಬಹಳ ದಿನದ ಮೇಲೆ ಮಾತಾಡುವವರಂತೆ ಇಬ್ಬರೂ ಮೊದಲು ಕೆಮ್ಮಿದರು. ಮಿತ್ರಾಳ ಕೆಳಗಿನ ಹಾಲುಕೋರೆ ಒಂದು ತಾನಾಗಿಯೇ ಬಿದ್ದಿದೆ ಎಂದಳು. ಹಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಾಳೆ, ಸ್ಲ್ಯಾಬಿನ ಮೇಲೆ ಒಗೆಯುವುದಿಲ್ಲವಂತೆ, ಘೋಡಗೇರಿಯ ಹಂಚೇ ಬೇಕಂತೆ, ಇಲ್ಲದಿದ್ದರೆ ಇದೂ ಸೊಟ್ಟ ಬರುತ್ತದಂತೆ.

"ನಿಮ್ಮವ್ವ ಏನಂದ್ರು?" ಎಂದು ಕೇಳಿದ ಲಖನ.

"ಅಪ್ಪನ ಮನಿ ಹಂಚಿಗೇ ಒಗೀಬೇಕು, ಅದು ಖರೇನ ಐತಿ ಅಂದ್ಳು. ಇವತ್ತ ಬರ್ತೇವ್ರಿ."

ಲಖನ ಆವತ್ತಿನ ರೋಗಿಗಳನ್ನೆಲ್ಲ ಮರುದಿನಕ್ಕೆ ಹಾಕಿ ಘೋಡಗೇರಿಗೆ ಹೊರಟ. ಈ ಸಲ ಮರೆಯುವ ಮಾತೇ ಇರಲಿಲ್ಲ, ಬಸ್ಸು ಬರುವ ಎಷ್ಟೋ ಮೊದಲೇ ಹೋಗಿ ರಸ್ತೆಯ ಬದಿಗೆ ನಿಂತಿದ್ದ. ಸೀತವ್ವ ಸಗಣಿ ತಂದಿಟ್ಟುಕೊಂಡು ಸಿದ್ಧವಾಗಿದ್ದಳು. ಮಗ ಪಾಠ ಹೇಳಬಹುದೇನೋ ಎಂದು ಒಮ್ಮೆ ಅವನ ಮುಖ ನೋಡಿದಳು. ಮಗ ಸಗಣಿ ಕಲಸಲು ನೀರು ತಂದುಕೊಟ್ಟ. ಮಿತ್ರಾ ಹಲ್ಲನ್ನು ಸಗಣಿ ಉಂಡಿಯಲ್ಲಿ ಒತ್ತಿ ಒಗೆದಳು. ಉಂಡಿ ಹಂಚಿನ ತುದಿಗೆ ಬಡಿದು ಮರಳಿ ಲಖನನ ಕಾಲ ಬಳಿ ಬಿತ್ತು. ಅವನ ಜೇಬಿನಲ್ಲಿ ಕ್ಯಾಲಿಪರ್ ಇತ್ತು. ವರ್ಷಗಳಿಂದ ಲೆಕ್ಕದಲ್ಲಿ ಹಿಡಿದಿಟ್ಟ ಬಾಯಿಯ ಒಂದು ಹಲ್ಲು ಕೈಗೆ ಸಿಕ್ಕಿದ್ದರೂ ಅವನು ಅಳೆಯಲಿಲ್ಲ. ಉಂಡಿಯನ್ನು ಮಗಳ ಕೈಗೆ ಕೊಟ್ಟು, ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಮೊದಲಿಗಿಂತ ಭಾರವಾಗಿದ್ದಳು. ಈ ಸಲ ಹಲ್ಲು ಹಂಚಿನ ನಡುವೆ ಹೋಗಿ ಕೂತಿತು.

ಸೀತವ್ವ ಚಹಾ ಮಾಡಿದಳು. ಸುಮನ ಕಟ್ಟೆಯ ಮೇಲೆ ಅವನಿಗಿಂತ ಸ್ವಲ್ಪ ದೂರ ಕೂತು ಬಟ್ಟಲು ಹಿಡಿದಿದ್ದಳು. ಲಖನ ಮಗಳ ಬಾಯಿ ತೆರೆಸಿ ಬಿಸಿಲಿಗೆ ಹಿಡಿದು ನೋಡಿದ. ಬಿದ್ದ ಹಲ್ಲಿನ ಜಾಗದಲ್ಲಿ ಹೊಸ ಕೋರೆಯ ತುದಿ ಬೆಳ್ಳಗೆ ಕಾಣುತ್ತಿತ್ತು. ಲೆಕ್ಕ ಸರಿಯಾಗಿತ್ತು, ಜಾಗ ಇತ್ತು.

ಬಾಯಲ್ಲಿ ಇನ್ನೂ ಎಷ್ಟು ಹಾಲುಹಲ್ಲು ಉಳಿದಿವೆ ಎಂದು ಮಿತ್ರಾ ಕೇಳಿದಳು.

"ಹನ್ನೊಂದು," ಎಂದ. ಅವು ಯಾವ ವಯಸ್ಸಿಗೆ ಬೀಳುತ್ತವೆ ಎಂಬುದೂ ಅವನಿಗೆ ಬಾಯಿಪಾಠವಿತ್ತು. ಹನ್ನೊಂದು ಸಲ ಹುಕ್ಕೇರಿ ಬಸ್ಸು ಇಲ್ಲಿ ನಿಲ್ಲುತ್ತದೆ, ಎರಡು ಒಟ್ಟಿಗೆ ಬಿದ್ದರೆ ಇನ್ನೂ ಕಡಿಮೆ. ಆಮೇಲೆ ಬಾಯಿ ತುಂಬ ಕಾಯಂ ಹಲ್ಲು.

ಮಿತ್ರಾ ಆಗಲೇ ಬಾಯಿಗೆ ಕೈ ಹಾಕಿ ಇನ್ನೊಂದು ಬದಿಯ ಕೋರೆಯನ್ನು ಅಲುಗಾಡಿಸುತ್ತಿದ್ದಳು. ಲಖನ ಅವಳ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದ.

"ಅವಸರ ಮಾಡಬ್ಯಾಡವಾ," ಎಂದ. "ನಿಧಾನ ಬೀಳ್ಲಿ."

ಸುಮನ ಅವನ ಲೆಕ್ಕ ತಿಳಿದವಳಂತೆ ಬಟ್ಟಲನ್ನು ಕೆಳಗಿಟ್ಟು ಅವನ ಕಡೆ ನೋಡಿದಳು.